ಬಟಾಣಿಯಷ್ಟು ಮೀನಿಗೆ ಐದು ತಿಂಗಳು

ಕಳೆದ ಜೂನ್‌ನಲ್ಲಿ ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಮೀನಿನ ತೊಟ್ಟಿಯ ಮುಂದೆ ಕೂತವಳು ಗಾಜಿಗೆ ಅಂಟಿದ್ದ ಬಸವನಹುಳುಗಳನ್ನು ಎಣಿಸತೊಡಗಿದೆ. ಎದುರಿನ ಗಾಜು ಒಂದರಲ್ಲೇ 47. ಗಿಡಗಳ ಎಲೆಯಡಿ, ಫಿಲ್ಟರ್‌ನ ಸ್ಪಂಜಿನ ಒಳಗೆ, ಮರಳಲ್ಲಿ ಇನ್ನೆಷ್ಟಿದ್ದವೋ.

ಎರಡಡಿ ಉದ್ದ, ಒಂದಡಿ ಅಗಲ, 15 ಇಂಚು ಎತ್ತರದ ತೊಟ್ಟಿ ಅದು. ಮಣ್ಣು, ಮರಳು, ಕಟ್ಟಿಗೆ ಎಲ್ಲ ಕಳೆದರೆ ಸುಮಾರು 60 ಲೀಟರ್ ನೀರು ನಿಲ್ಲುತ್ತದೆ. ಮೂರು ವರ್ಷದಿಂದ ಅದರಲ್ಲಿ ಗಿಡ ಬೆಳೆಸುತ್ತಿದ್ದೇನೆ. ಮೀನು ನನಗೆ ಆಮೇಲೆ ಬಂದ ಹುಚ್ಚು, ಮೊದಲು ಹಿಡಿದದ್ದು ಗಿಡದ ಹುಚ್ಚೇ. ಅದರಲ್ಲೂ ನಮ್ಮ ಪಶ್ಚಿಮ ಘಟ್ಟದ ಗಿಡಗಳು ಎಂದರೆ ಜೀವ. ಕೆಂಪು ಎಲೆಯ ರೊಟಾಲಾ ಮ್ಯಾಕ್ರಾಂಡ್ರಾ, ಲಾಜನಾಂಡ್ರಾ ಮೀಬೋಲ್ಡಿ, ಉದ್ದೆಲೆಯ ಕ್ರಿಪ್ಟೋಕೊರೈನ್ ಸ್ಪೈರಾಲಿಸ್. ಇವು ಪ್ರಪಂಚದ ಎಲ್ಲೆಲ್ಲೋ ಗಾಜಿನ ತೊಟ್ಟಿಗಳಲ್ಲಿ ಬೆಳೆಯುತ್ತಿವೆ, ಹುಟ್ಟೂರು ಮಾತ್ರ ನಮ್ಮ ಘಟ್ಟ. ಹೊಸದಾಗಿ ತಂದ ಒಂದು ಕಟ್ಟು ರೊಟಾಲಾದ ಜೊತೆಯಲ್ಲೇ ಬಸವನಹುಳು ಬಂದಿತ್ತು. ಎಲೆಯ ಬೆನ್ನಿಗೆ ಸಬ್ಬಕ್ಕಿ ಪಾಯಸದ ಹನಿಯ ಹಾಗೆ ಅಂಟಿಕೊಂಡಿದ್ದ ಮೊಟ್ಟೆಯನ್ನು ನಾನು ನೋಡಿರಲಿಲ್ಲ.

ರಾತ್ರಿ ಒಂದು ಬಿಲ್ಲೆ ಸೌತೆಕಾಯಿ ಬಿಡುವುದು, ಬೆಳಗ್ಗೆ ಅದಕ್ಕೆ ಮುತ್ತಿದವನ್ನು ಎತ್ತಿ ಹಾಕುವುದು, ಎರಡು ತಿಂಗಳು ಹೀಗೇ ನಡೆಯಿತು. ವಾರ ಬಿಟ್ಟರೆ ಮತ್ತೆ ಅಷ್ಟೇ. ತಾಮ್ರದ ಔಷಧಿ ಹಾಕಿ ಎಂದರು ಕೆಲವರು. ನೂರಾರು ಹುಳು ಒಂದೇ ಸಲ ಸತ್ತು ಕೊಳೆತರೆ ನೀರಿನಲ್ಲಿ ಅಮೋನಿಯಾ ಏರಿ ಮೀನೂ ಹೋಗುತ್ತದೆ, ಹಾಗಾಗಿ ಅದು ಬೇಡವೆನಿಸಿತು. ಕೊನೆಗೆ ಪಕ್ಕದ ಬೀದಿಯಲ್ಲಿ ತೊಟ್ಟಿ ಇಟ್ಟಿರುವ ಹುಡುಗ ಹೇಳಿದ, "ಆಂಟಿ, ಒಂದು ಪಫರ್ ಬಿಡಿ. ಒಂದೇ ವಾರದಲ್ಲಿ ಎಲ್ಲ ಕ್ಲೀನ್." ಪಫರ್ ಎಂದರೆ ಬಸವನಹುಳು ತಿನ್ನುವ, ಹೆದರಿದರೆ ಮೈ ಉಬ್ಬಿಸಿಕೊಳ್ಳುವ ಮೀನು.

ಆ ಭಾನುವಾರವೇ ಮಗನನ್ನು ಕರೆದುಕೊಂಡು ಅಂಗಡಿಗೆ ಹೋದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಹಸಿರು ಮಿಶ್ರಿತ ಹಳದಿ ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಮೀನುಗಳು. ಹೊಟ್ಟೆ ಬೆಳ್ಳಗೆ. ಒಂದು ಕಣ್ಣು ನನ್ನನ್ನು ನೋಡುತ್ತಿದ್ದರೆ ಇನ್ನೊಂದು ಹಿಂದೆ ತಿರುಗಿ ಮಗನನ್ನು ನೋಡುತ್ತಿತ್ತು. ಪಫರ್‌ಗಳ ಎರಡು ಕಣ್ಣೂ ಬೇರೆ ಬೇರೆಯಾಗಿ ತಿರುಗುತ್ತವೆಂದು ಆಗ ನನಗೆ ಗೊತ್ತಿರಲಿಲ್ಲ. ಮಗ ಅಲ್ಲೇ ಸೋತ.

"ಅಣ್ಣಾ, ಇದು ಎಷ್ಟು ದೊಡ್ಡದಾಗುತ್ತೆ?" ಅಂದ.

"ಇಷ್ಟೇ ಪುಟ್ಟ, ಇನ್ನೊಂಚೂರು ಆಗಬಹುದು."

"ಸಿಹಿನೀರಿನದ್ದೇ ತಾನೆ?" ಅಂದೆ ನಾನು.

"ಪಕ್ಕಾ ಸಿಹಿನೀರಿನದ್ದೇ ಮೇಡಂ. ನೋಡಿ, ನಮ್ಮ ನಲ್ಲಿ ನೀರಲ್ಲೇ ಇಟ್ಟಿದ್ದೀವಿ."

ತೆಗೆದುಕೊಳ್ಳದೆ ಬಂದದ್ದಕ್ಕೆ ನನ್ನ ಜಾಣತನವೇನೂ ಕಾರಣವಲ್ಲ. ಪರ್ಸಿನಲ್ಲಿ ಚಿಲ್ಲರೆ ಇರಲಿಲ್ಲ, ಮಳೆ ಬರುವ ಹಾಗಿತ್ತು, ನಾಳೆ ಬರೋಣ ಎಂದು ಮಗನನ್ನು ಸಮಾಧಾನ ಮಾಡಿ ಕರೆತಂದೆ. ರಾತ್ರಿ ಅವನು ಮಲಗಿದ ಮೇಲೆ ಆ ಮೀನಿನ ಬಗ್ಗೆ ಓದುತ್ತಾ ಕೂತೆ. ಹನ್ನೆರಡು ಗಂಟೆಯ ಹೊತ್ತಿಗೆ ಅದನ್ನು ತರುವ ಮಾತು ಮುಗಿದಿತ್ತು.

ಅದು ಹಸಿರು ಚುಕ್ಕೆ ಪಫರ್. ಮರಿಯಾಗಿದ್ದಾಗ ಸಿಹಿನೀರಿನಲ್ಲಿ ತಡೆದುಕೊಳ್ಳುತ್ತದೆ. ಬೆಳೆದಂತೆ ಅದಕ್ಕೆ ಉಪ್ಪು ಬೇಕು, ಹಿನ್ನೀರಿನ, ಅಳಿವೆಯ ಮೀನು ಅದು. 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಉಪ್ಪಿಲ್ಲದ ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬಣ್ಣ ಕಪ್ಪಾಗಿ, ರೋಗ ಹತ್ತಿ, ನಿಧಾನವಾಗಿ ಸಾಯುತ್ತದೆ. ಅದಕ್ಕೆ ಬೇಕಾದಷ್ಟು ಉಪ್ಪು ಹಾಕಿದರೆ ನನ್ನ ರೊಟಾಲಾ, ಕ್ರಿಪ್ಟೋಕೊರೈನ್ ಎಲ್ಲ ಕರಗಿ ಹೋಗುತ್ತವೆ. ಜಾವಾ ಫರ್ನ್, ವ್ಯಾಲಿಸ್ನೇರಿಯಾದಂಥವು ಅಲ್ಪ ಉಪ್ಪು ತಡೆದಾವು, ಉಳಿದವು ಇಲ್ಲ. ಆ ರಾತ್ರಿ ಓದಿದ್ದರಲ್ಲಿ ಇನ್ನೊಂದು ವಿಷಯ ತಲೆಯಲ್ಲಿ ಉಳಿಯಿತು: ಈ ಮೀನಿನ ಜೀನೋಮನ್ನು, ಅಂದರೆ ಇಡೀ ವಂಶವಾಹಿ ಸಂಕೇತವನ್ನು, ವಿಜ್ಞಾನಿಗಳು ಬಹುಮಟ್ಟಿಗೆ ಓದಿ 2004ರಲ್ಲಿ ಪ್ರಕಟಿಸಿದ್ದಾರೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅತಿ ಚಿಕ್ಕ ಜೀನೋಮ್‌ಗಳಲ್ಲಿ ಅದೂ ಒಂದು, ನಮ್ಮದರ ಸುಮಾರು ಎಂಟನೇ ಒಂದು ಭಾಗ. ಅದರ ವಂಶವಾಹಿಯನ್ನೇ ಓದಿ ಮುಗಿಸುತ್ತಿರುವ ಕಾಲದಲ್ಲಿ ಅದಕ್ಕೆ ಉಪ್ಪು ಬೇಕೆಂಬ ಒಂದು ಮಾತು ಕೊಳ್ಳುವವರ ಕಿವಿಗೆ ಬೀಳುವುದಿಲ್ಲವಲ್ಲ ಎಂದು ತುಂಬಾ ನೋವಾಯಿತು.

ಆದರೆ ಆ ಕಣ್ಣುಗಳು ಮನಸ್ಸಿನಿಂದ ಹೋಗಲಿಲ್ಲ. ಬಸವನಹುಳುವಿನ ವಿಚಾರ ಹಿಂದೆ ಬಿತ್ತು. ಗಿಡದ ತೊಟ್ಟಿಯಲ್ಲಿ ಸುಖವಾಗಿ ಬಾಳುವ ಪಫರ್ ಯಾವುದು ಎಂದು ಹುಡುಕುವುದೇ ಕೆಲಸವಾಯಿತು. ಅಡುಗೆಮನೆಯ ಸಾಮಾನಿನ ಪಟ್ಟಿ ಬರೆಯುವ ನೋಟ್‌ಬುಕ್ಕಿನಲ್ಲೇ ಒಂದು ಹಾಳೆ ಬಿಟ್ಟು, ಹೆಸರು ಬರೆಯುವುದು, ಓದುವುದು, ಹೊಡೆದು ಹಾಕುವುದು.

ಎಂಟರ ಅಂಕಿಯ ಗುರುತಿರುವ ಫಿಗರ್ ಎಯ್ಟ್ ಪಫರ್ ಚಿಕ್ಕದು, 8 ಸೆಂಟಿಮೀಟರ್, ನೋಡಲು ಬಲು ಚೆಂದ. ಅದನ್ನೂ ತುಸು ಉಪ್ಪುನೀರಿನಲ್ಲಿಟ್ಟರೇ ಹೆಚ್ಚು ಕಾಲ ಬಾಳುತ್ತದೆಂದು ಸಾಕಿದವರು ಹೇಳುತ್ತಾರೆ. ಹೊಡೆದೆ. ಆಫ್ರಿಕಾದ ಫಹಾಕಾ ಅಪ್ಪಟ ಸಿಹಿನೀರಿನದು, ನೈಲ್ ನದಿಯದು, ಆದರೆ 43 ಸೆಂಟಿಮೀಟರ್ ಬೆಳೆಯುತ್ತದೆ. ಕಾಂಗೋ ನದಿಯ ಎಂಬು ಪಫರ್ 67 ಸೆಂಟಿಮೀಟರ್, ಅಂದರೆ ನನ್ನ ತೊಟ್ಟಿಗಿಂತ ಉದ್ದ. ಇವುಗಳ ಮರಿಗಳನ್ನು ಎರಡಂಗುಲ ಇರುವಾಗ ಮಾರುತ್ತಾರೆ, ತಂದವರು ಒಂದು ವರ್ಷದಲ್ಲಿ ಕೈಚೆಲ್ಲುತ್ತಾರೆ.

ಅಮೆಜಾನ್ ಪಫರ್ ಮೇಲೆ ಎರಡು ವಾರ ಮನಸ್ಸು ನಿಂತಿತ್ತು. ಸಿಹಿನೀರಿನದು, ಗುಂಪಿನಲ್ಲಿರುತ್ತದೆ, ಉಳಿದ ಪಫರ್‌ಗಳಷ್ಟು ಜಗಳಗಂಟಿಯಲ್ಲ. ತೊಡಕು ಹಲ್ಲಿನದು. ಪಫರ್ ಕುಟುಂಬದ ಹೆಸರೇ ಟೆಟ್ರಾಡಾಂಟಿಡೇ, ನಾಲ್ಕು ಹಲ್ಲಿನವು ಎಂದು ಅರ್ಥ. ಮೇಲೆರಡು, ಕೆಳಗೆರಡು ಹಲ್ಲು ಕೂಡಿಕೊಂಡು ಗಿಳಿಯ ಕೊಕ್ಕಿನ ಹಾಗಾಗಿರುತ್ತವೆ. ಆ ಕೊಕ್ಕು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಚಿಪ್ಪು ಒಡೆದು ಒಡೆದು ಸವೆಯದಿದ್ದರೆ ಬಾಯಿ ಮುಚ್ಚಿಹೋಗಿ ಮೀನು ಉಪವಾಸ ಬೀಳುತ್ತದೆ. ಅಮೆಜಾನ್ ಪಫರ್‌ನ ಹಲ್ಲು ಅದರಲ್ಲೂ ಬೇಗ ಬೆಳೆಯುವಂಥದ್ದು. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮತ್ತು ಬರಿಸಿ, ಒದ್ದೆ ಬಟ್ಟೆಯಲ್ಲಿ ಹಿಡಿದು, ಉಗುರು ಕತ್ತರಿಸುವ ಸಣ್ಣ ಕಟರ್‌ನಿಂದ ಹಲ್ಲು ಕತ್ತರಿಸುವವರಿದ್ದಾರೆ. ನನ್ನ ಕೈ ನಡುಗುತ್ತದೆ, ನನ್ನಿಂದಾಗದು. ಈಜಲು ಅದಕ್ಕೆ ಉದ್ದನೆಯ ತೊಟ್ಟಿಯೂ ಬೇಕು. ಅದೂ ಹೋಯಿತು.

ನಮ್ಮ ದೇಶದ್ದೇ ಒಂದಿದೆ, ಕಟ್‌ಕಟಿಯಾ. ಗಂಗೆ, ಬ್ರಹ್ಮಪುತ್ರಾ ಕಡೆಯದು. 1822ರಲ್ಲೇ ಹ್ಯಾಮಿಲ್ಟನ್ ಅದನ್ನು ದಾಖಲಿಸಿದ. ಗಂಡು ಮೀನು ಮೊಟ್ಟೆಗೆ ಕಾವಲು ಕೂರುತ್ತದೆ ಎಂದು ಓದಿ ಪ್ರೀತಿ ಬಂತು. ಆದರೆ ಒಂಟಿಯಾಗಿಯೇ ಇಡಬೇಕು, ಬಹಳ ಹೊತ್ತು ಅಡಗಿಯೇ ಇರುತ್ತದೆ. ಮಗನಿಗೆ ಮೀನು ಕಾಣಬೇಕು. ಅದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟೆ.

ಹಾಳೆಯ ಕೊನೆಯಲ್ಲಿ ಉಳಿದದ್ದು ಬಟಾಣಿ ಪಫರ್. ಪೀ ಪಫರ್ ಎಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ. ಶಾಸ್ತ್ರೀಯ ಹೆಸರು ಕ್ಯಾರಿನೋಟೆಟ್ರಾಡಾನ್ ಟ್ರಾವಂಕೋರಿಕಸ್. ಕೇರಳದ ಪಂಪಾ ನದಿಯ ಮಾದರಿಗಳಿಂದ ಸುಂದರಲಾಲ್ ಹೋರಾ ಮತ್ತು ನಾಯರ್ 1941ರಲ್ಲಿ ಹೆಸರಿಟ್ಟದ್ದು, ಆಗ ಅದು ತಿರುವಾಂಕೂರು ಸಂಸ್ಥಾನ, ಅದೇ ಹೆಸರಿನಲ್ಲಿ ಉಳಿದಿದೆ. ಎರಡೂವರೆ, ಹೆಚ್ಚೆಂದರೆ ಮೂರೂವರೆ ಸೆಂಟಿಮೀಟರ್. ಪ್ರಪಂಚದ ಅತಿ ಚಿಕ್ಕ ಪಫರ್‌ಗಳಲ್ಲಿ ಒಂದು. ಉಪ್ಪು ಬೇಡವೇ ಬೇಡ, ಹುಟ್ಟಿನಿಂದ ಸಾವಿನವರೆಗೂ ಸಿಹಿನೀರು. ಗಿಡ ದಟ್ಟವಾಗಿದ್ದಷ್ಟೂ ಒಳ್ಳೆಯದು. ನನ್ನ ಲಾಜನಾಂಡ್ರಾ ಬೆಳೆಯುವ ಅದೇ ಘಟ್ಟದ ಮೀನು! ಇಷ್ಟು ಹತ್ತಿರದ್ದನ್ನು ಬಿಟ್ಟು ಕಾಂಗೋ, ಅಮೆಜಾನ್ ಸುತ್ತಿ ಬಂದಿದ್ದೆ.

ಖುಷಿಯ ಜೊತೆಗೇ ಒಂದು ಭಾರವೂ ಬಂತು. ಈ ಮೀನು ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿದೆ, ಅಳಿವಿನ ಅಪಾಯಕ್ಕೆ ಈಡಾಗಬಹುದಾದ ವರ್ಗದಲ್ಲಿ. 2005ರಿಂದ 2012ರವರೆಗೆ ಭಾರತದಿಂದ ಹೊರದೇಶಗಳ ಅಕ್ವೇರಿಯಂಗಳಿಗೆ ಹೋದ ಅಪಾಯದಲ್ಲಿರುವ ಸಿಹಿನೀರಿನ ಮೀನುಗಳು 15 ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ದೊಡ್ಡ ಪಾಲಿನದ್ದು ಅಂತ ಎಣಿಸುವ ನಾಲ್ಕಾರು ಜಾತಿಗಳಲ್ಲಿ ಇದೂ ಸೇರಿದೆ. ಹೆಚ್ಚಿನವು ಹೊಳೆಯಿಂದಲೇ ಹಿಡಿದವು. ನಾನು ತರುವುದಾದರೆ ತೊಟ್ಟಿಯಲ್ಲೇ ಹುಟ್ಟಿದ ಮರಿಯನ್ನೇ ತರುವುದು ಎಂದು ಹಾಳೆಯ ತಳದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಮೀನು ಆರಿಸುವ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅರ್ಧ ಕೂಡ ಆಗಿರಲಿಲ್ಲ.

ಮೊದಲ ಕಷ್ಟ, ತೊಟ್ಟಿಯಲ್ಲಿ ಆಗಲೇ ಇದ್ದವರದು. ಹನ್ನೊಂದು ಗಪ್ಪಿ, ಎಂಟು ರಾಸ್ಬೋರಾ, ಲೆಕ್ಕವಿಲ್ಲದಷ್ಟು ಚೆರ್ರಿ ಸಿಗಡಿ. ಬಟಾಣಿ ಪಫರ್ ಗಾತ್ರದಲ್ಲಿ ಬಟಾಣಿಯಾದರೂ ಉದ್ದ ಬಾಲದ, ನಿಧಾನವಾದ ಮೀನು ಕಂಡರೆ ರೆಕ್ಕೆ ಕಚ್ಚಿ ಹರಿಯುತ್ತದೆ. ಜೊತೆಯಲ್ಲಿಟ್ಟು ಏನೂ ಆಗಿಲ್ಲ ಎನ್ನುವವರೂ ಇದ್ದಾರೆ. ಆದರೆ ಗಪ್ಪಿಯ ಬಾಲ ಚಿಂದಿಯಾದ ಮೇಲೆ "ಅಯ್ಯೋ" ಎಂದರೆ ಅದಕ್ಕೇನು ಬಂತು? ಇವುಗಳಿಗೆ ತಮ್ಮದೇ ತೊಟ್ಟಿ ಇರಬೇಕು ಎನ್ನುವುದನ್ನು ನಾನು ಒಪ್ಪಿಕೊಂಡೆ. ಗಪ್ಪಿ ಮತ್ತು ರಾಸ್ಬೋರಾ ಆ ಪಕ್ಕದ ಬೀದಿಯ ಹುಡುಗನ ತೊಟ್ಟಿಗೆ ಹೋದವು. ಸಿಗಡಿಗಳನ್ನು ಹಳೆಯ ಚಿಕ್ಕ ತೊಟ್ಟಿಗೆ ಹಾಕಿ ಅಡುಗೆಮನೆಯ ಕಿಟಕಿಯ ಹತ್ತಿರ ಇಟ್ಟೆ.

ಎರಡನೆಯದು ಊಟ. ಒಣ ಆಹಾರ, ಕಾಳು, ಪುಡಿ, ಏನನ್ನೂ ಇವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಚಲಿಸುವ ಜೀವ ಬೇಕು, ಅಥವಾ ಫ್ರೀಜರ್‌ನಲ್ಲಿಟ್ಟ, ಬ್ಲಡ್ ವರ್ಮ್ ಎನ್ನುವ ಸಣ್ಣ ಕೆಂಪು ಹುಳು. ಒಂದು ವಾರದಲ್ಲಿ ಬಸವನಹುಳು ಎಲ್ಲ ಕ್ಲೀನ್ ಆಗುತ್ತದೆ ಎಂದಿದ್ದನಲ್ಲ ಆ ಹುಡುಗ, ಅದು ನಿಜವೇ ಇರಲಿ. ಎರಡನೆಯ ವಾರ ಮೀನು ಏನು ತಿನ್ನಬೇಕು? ಬಸವನಹುಳು ತೀರಿಸಲೆಂದು ಪಫರ್ ತಂದವರ ಮನೆಯಲ್ಲಿ ಹುಳು ತೀರಿದ ಮೇಲೆ ಪಫರ್‌ಗಳೂ ತೀರಿಹೋಗುತ್ತವೆ. ಹಾಗಾಗಿ ಎರಡು ತಿಂಗಳಿಂದ ಎತ್ತಿ ಎತ್ತಿ ಎಸೆಯುತ್ತಿದ್ದ ಬಸವನಹುಳುಗಳನ್ನು ಅಂದಿನಿಂದ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂಡಿಡತೊಡಗಿದೆ. ತೆಳು ಚಿಪ್ಪಿನವು ಮತ್ತು ಟಗರಿನ ಕೊಂಬಿನ ಹಾಗೆ ಸುರುಳಿ ಇರುವ ರಾಮ್ಸ್‌ಹಾರ್ನ್ ಮಾತ್ರ. ಉದ್ದ ಚೂಪು ಚಿಪ್ಪಿನ ಟ್ರಂಪೆಟ್ ಹುಳುಗಳು ಕಲ್ಲಿನಷ್ಟು ಗಟ್ಟಿ, ಪುಟ್ಟ ಪಫರ್‌ನ ಹಲ್ಲೇ ಮುರಿಯಬಹುದು. ಟಬ್ಬಿಗೆ ಬೇಯಿಸಿದ ಪಾಲಕ್, ಸೌತೆಸಿಪ್ಪೆ, ಚಿಪ್ಪು ಗಟ್ಟಿಯಾಗಲಿ ಎಂದು ಪುಡಿ ಮಾಡಿದ ಮೊಟ್ಟೆಚಿಪ್ಪು.

ಸೊಳ್ಳೆಮರಿಗಿಂತ ಒಳ್ಳೆಯ ಊಟ ಇಲ್ಲವೆಂದು ಓದಿ ತಾರಸಿಯಲ್ಲಿ ಒಂದು ಬಕೆಟ್ ನೀರನ್ನೂ ತೆರೆದಿಟ್ಟಿದ್ದೆ. ನಾಲ್ಕನೆಯ ದಿನ ಅತ್ತೆ ಬಟ್ಟೆ ಒಣಹಾಕಲು ಹೋದವರು ನೋಡಿದರು.

"ಏನೇ ಇದು? ಊರೆಲ್ಲಾ ಡೆಂಗಿ ಅಂತಿದ್ದಾರೆ, ನೀನು ಮನೇಲೇ ಸೊಳ್ಳೆ ಸಾಕ್ತಿದ್ದೀಯಾ?"

"ಮರಿ ಇರೋವಾಗಲೇ ಸೋಸಿಬಿಡ್ತೀನಿ ಅತ್ತೆ, ಹಾರೋಕೆ ಬಿಡಲ್ಲ."

"ಒಂದು ದಿನ ನೀನು ಊರಿಗೆ ಹೋದ್ರೆ ಯಾರು ಸೋಸ್ತಾರೆ?"

ಅವರ ಮಾತು ನೂರಕ್ಕೆ ನೂರು ಸರಿ. ವಾರ ಹತ್ತು ದಿನದಲ್ಲಿ ಮರಿ ಸೊಳ್ಳೆಯಾಗುತ್ತದೆ. ಅವತ್ತೇ ಬಕೆಟ್ ಚೆಲ್ಲಿದೆ. ಅದರ ಬದಲು ನೀರು ಚಿಗಟ ಅನ್ನುವ ಡ್ಯಾಫ್ನಿಯಾ ಸಾಕುವುದನ್ನು ಕಲಿತೆ. ಹಸಿರುಗಟ್ಟಿದ ನೀರು, ಚಿಟಿಕೆ ಯೀಸ್ಟ್, ಬಿಸಿಲು ಸೋಕುವ ಜಾಗ. ಮೊದಲ ಎರಡು ಸಲ ಯೀಸ್ಟ್ ಜಾಸ್ತಿಯಾಗಿ ನೀರು ಹಳಸಿ ಎಲ್ಲ ಸತ್ತವು. ಮೂರನೆಯ ಸಲ ಹಿಡಿಯಿತು.

ತೊಟ್ಟಿಯನ್ನೂ ಬದಲಿಸಿದೆ. ಒಂದು ಗಂಡು ಇನ್ನೊಂದರ ಕಣ್ಣಿಗೆ ಸದಾ ಬೀಳುತ್ತಿದ್ದರೆ ಅಟ್ಟಾಡಿಸಿಯೇ ಕೊಲ್ಲುತ್ತದೆ, ಆದ್ದರಿಂದ ಈ ತುದಿಯಿಂದ ಆ ತುದಿ ಕಾಣಬಾರದು. ನಡುವೆ ಅಡ್ಡಲಾಗಿ ಕಟ್ಟಿಗೆ ಇಟ್ಟು ಅದಕ್ಕೆ ಜಾವಾ ಪಾಚಿ ಕಟ್ಟಿದೆ. ಹಿಂದೆ ವ್ಯಾಲಿಸ್ನೇರಿಯಾ ಗೋಡೆಯ ಹಾಗೆ, ಎರಡು ಮೂಲೆಯಲ್ಲಿ ಕ್ರಿಪ್ಟೋಕೊರೈನ್ ಪೊದೆ, ಮುಂದೆ ಮಾತ್ರ ಒಂದು ಗೇಣು ಬಯಲು. ರಭಸದ ಫಿಲ್ಟರ್ ತೆಗೆದು ಸ್ಪಂಜಿನ ಫಿಲ್ಟರ್ ಹಾಕಿದೆ. ಇವು ಹರಿವಿನಲ್ಲಿ ಈಜಾಡುವ ಮೀನಲ್ಲ, ಹೆಲಿಕಾಪ್ಟರ್‌ನ ಹಾಗೆ ನಿಂತಲ್ಲೇ ನಿಲ್ಲುತ್ತವೆ. ಮೈಮೇಲೆ ಬೇರೆ ಮೀನಿನ ಹಾಗೆ ಹುರುಪೆ ಇಲ್ಲದ್ದರಿಂದ ಕೆಟ್ಟ ನೀರಿಗೂ, ಔಷಧಿಗೂ ಬೇಗ ನಲುಗುತ್ತವೆ. ನಮ್ಮ ಮೈಸೂರಿನ ನಲ್ಲಿ ನೀರಿಗೆ ಕ್ಲೋರಿನ್ ನಿವಾರಕ ಹಾಕದೆ ಒಂದು ಚೊಂಬನ್ನೂ ತೊಟ್ಟಿಗೆ ಸುರಿಯುವಂತಿಲ್ಲ. ಪರೀಕ್ಷೆಯ ಕಿಟ್ ತಂದು ಆರು ವಾರ ಬರೆದಿಟ್ಟೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗೆ. ಡಿಸೆಂಬರ್ ರಾತ್ರಿಗಳಿಗೆಂದು 26 ಡಿಗ್ರಿಗೆ ನಿಲ್ಲುವ ಒಂದು ಹೀಟರ್.

ಇಷ್ಟಾಗುವಾಗ ಅಕ್ಟೋಬರ್. ಇನ್ನು ಮೀನು.

ಮೊದಲು ಇನ್ನೊಂದು ಅಂಗಡಿಯಲ್ಲಿ ಇವೆ ಎಂದು ಕೇಳಿ ಹೋದೆ. ಒಂದು ಗಿಡವೂ ಇಲ್ಲದ ಖಾಲಿ ಗಾಜಿನ ಡಬ್ಬಿಯಲ್ಲಿ ನಲವತ್ತು ಐವತ್ತು ಬಟಾಣಿ ಪಫರ್. ತಳದಲ್ಲಿ ತಿನ್ನದೆ ಬಿಟ್ಟ ಒಣ ಕಾಳು ಉಬ್ಬಿ ಬಿದ್ದಿತ್ತು. ಮೇಲಿನಿಂದ ನೋಡಿದರೆ ತಲೆ ದಪ್ಪ, ಅದರ ಹಿಂದೆ ಮೈ ಸೂಜಿಯ ಹಾಗೆ ಸಣ್ಣ. ಹೊಟ್ಟೆ ಒಳಕ್ಕೆ ಗುಳಿ ಬಿದ್ದಿತ್ತು. ಕೆಲವು ಮೂಲೆಯಲ್ಲಿ ಬಾಲ ಮಡಿಚಿಕೊಂಡು ಬಣ್ಣ ಕಪ್ಪಾಗಿ ನಿಂತಿದ್ದವು. ಹೊಳೆಯಿಂದ ಬಂದವಕ್ಕೆ ಹೊಟ್ಟೆಹುಳು ಇರುವುದು ಸಾಮಾನ್ಯ, ಅದರ ಮೇಲೆ ಉಪವಾಸ ಬೇರೆ. ಎರಡನ್ನಾದರೂ ಬದುಕಿಸೋಣ ಎಂದು ಕೈ ಮುಂದಾಯಿತು. ಮಗ ಸೆರಗು ಜಗ್ಗಿ, "ಅಮ್ಮಾ, ನಾವು ತಗೊಂಡ್ರೆ ಅವರು ಇನ್ನೂ ತರಿಸ್ತಾರೆ ಅಲ್ವಾ?" ಎಂದ. ಹತ್ತು ವರ್ಷದ ಮಗು. ನಾನು ಉತ್ತರ ಕೊಡಲಿಲ್ಲ, ಇಬ್ಬರೂ ಹೊರಗೆ ಬಂದೆವು. ಬಸ್ಸಿನಲ್ಲಿ ಕೂತ ಮೇಲೂ ಅವನು ಮಾತಾಡಲಿಲ್ಲ. ಆ ಮೀನುಗಳನ್ನು ಬಿಟ್ಟು ಬಂದದ್ದು ಈಗಲೂ ನೆನಪಾದರೆ ಮನಸ್ಸು ಹಿಂಡುತ್ತದೆ.

ಗಿಡಗಳನ್ನು ಅದಲು ಬದಲು ಮಾಡಿಕೊಳ್ಳುವ ಗೆಳತಿಯೊಬ್ಬಳ ಮೂಲಕ ಒಬ್ಬ ನಿವೃತ್ತ ಮೇಷ್ಟ್ರ ಪರಿಚಯವಾಯಿತು. ಊರಿನ ಇನ್ನೊಂದು ತುದಿಯಲ್ಲಿ ಅವರ ಮನೆ. ಮಹಡಿಯ ಮೆಟ್ಟಿಲ ಕೆಳಗಿನ ಜಾಗದಲ್ಲಿ ಸಾಲಾಗಿ ಎಂಟು ತೊಟ್ಟಿ, ಮೂರು ತಲೆಮಾರಿನಿಂದ ಅಲ್ಲೇ ಹುಟ್ಟಿದ ಬಟಾಣಿ ಪಫರ್‌ಗಳು. ಗಂಡು ಹೆಣ್ಣನ್ನು ಪಾಚಿಯೊಳಕ್ಕೆ ಅಟ್ಟಿಕೊಂಡು ಹೋಗುತ್ತದೆ, ಅಲ್ಲಿ ಮೊಟ್ಟೆ ಬೀಳುತ್ತದೆ. ಅವರು ಪಾಚಿಯನ್ನೇ ಎತ್ತಿ ಬೇರೆ ಪಾತ್ರೆಗೆ ಇಡುತ್ತಾರೆ, ಇಲ್ಲದಿದ್ದರೆ ದೊಡ್ಡವೇ ತಿಂದುಬಿಡುತ್ತವೆ. ಐದಾರು ದಿನಕ್ಕೆ ಮರಿ. ಕಣ್ಣಿಗೆ ಕಾಣದ ಜೀವಾಣುಗಳ ನೀರು ಮೊದಲು, ಆಮೇಲೆ ಆಗತಾನೆ ಮೊಟ್ಟೆಯೊಡೆದ, ಬ್ರೈನ್ ಶ್ರಿಂಪ್ ಎನ್ನುವ ಪುಟ್ಟ ಉಪ್ಪುನೀರಿನ ಸಿಗಡಿಯ ಮರಿ.

ಮೀನು ಕೇಳಿದರೆ ಅವರು ಮೊದಲು ಬೆಲೆ ಹೇಳಲಿಲ್ಲ.

"ತೊಟ್ಟಿ ಎಷ್ಟು ದಿನದಿಂದ ಓಡ್ತಾ ಇದೆಯಮ್ಮ?"

"ಮೂರು ವರ್ಷ ಸರ್. ಬೇರೆ ಮೀನೆಲ್ಲ ಖಾಲಿ ಮಾಡಿದ್ದೀನಿ."

"ಊಟಕ್ಕೇನು ಮಾಡ್ಕೊಂಡಿದ್ದೀಯ?"

ಫೋನಿನಲ್ಲಿ ಟಬ್ಬಿನ ಚಿತ್ರ ತೋರಿಸಿದೆ. ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು. "ಸರಿ. ಬಾ, ಇಲ್ಲಿ ಕೂತ್ಕೊ. ಆರಿಸೋದು ನೀನೇ, ನಾನು ಬರೀ ನೋಡ್ತೀನಿ," ಅಂದರು.

ಒಂದು ಗಂಟೆ ಒಂದು ಸ್ಟೂಲಿನ ಮೇಲೆ ಕೂತು ನೋಡಿದೆ. ಗಂಡಾದರೆ ಹೊಟ್ಟೆಯ ನಡುವೆ ಗದ್ದದಿಂದ ಬಾಲದ ಕಡೆಗೆ ಕಪ್ಪು ಗೆರೆ, ಕಣ್ಣಿನ ಹಿಂದೆ ಸಣ್ಣ ಸುಕ್ಕುಗಳಂಥ ಗೀರು, ಮೈ ಸ್ವಲ್ಪ ತೆಳು. ಹೆಣ್ಣು ದುಂಡಗೆ, ಹಳದಿ ಹೆಚ್ಚು, ಚುಕ್ಕೆಗಳು ಬಿಡಿಬಿಡಿ. ಚಿಕ್ಕವಿದ್ದಾಗ ಎಲ್ಲ ಹೆಣ್ಣಿನ ಹಾಗೇ ಕಾಣುತ್ತವೆ, ಅದಕ್ಕೇ ಮೇಷ್ಟ್ರು ಐದು ತಿಂಗಳು ದಾಟಿದವನ್ನೇ ಕೊಡುತ್ತಾರಂತೆ. ಇದೇ ಕುಲದ ಇನ್ನೊಂದು ಮೀನನ್ನು ಬ್ರಿಟ್ಜ್ ಮತ್ತು ಕೊಟ್ಟೆಲಾಟ್ 1999ರಲ್ಲಿ ಬೇರೆ ಜಾತಿಯೆಂದು ಗುರುತಿಸಿದರು, ಇಮಿಟೇಟರ್ ಎಂದು ಹೆಸರು, ಎರಡೂ ಎಷ್ಟು ಹೋಲುತ್ತವೆಂದರೆ ಒಂದರ ಹೆಸರಲ್ಲಿ ಇನ್ನೊಂದು ಮಾರಾಟವಾಗುತ್ತಿತ್ತು ಎಂದು ವಿವರಿಸುತ್ತಾ ಅವರು ಒಂದು ಚಮಚ ಬ್ಲಡ್ ವರ್ಮ್ ಬಿಟ್ಟರು. ಯಾವುದು ಮೊದಲು ಬರುತ್ತದೆ, ಯಾವುದು ಹಿಂದೆ ಉಳಿಯುತ್ತದೆ, ತಿಂದ ಮೇಲೆ ಹೊಟ್ಟೆ ಸಮವಾಗಿ ಉಬ್ಬುತ್ತದೋ ಇಲ್ಲವೋ, ಇದೆಲ್ಲ ಆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬಣ್ಣ ನೋಡಿ ಆರಿಸಬಾರದು, ಊಟ ನೋಡಿ ಆರಿಸಬೇಕು ಎನ್ನುವುದನ್ನು ಅವರು ಬಾಯಲ್ಲಿ ಹೇಳಲೇ ಇಲ್ಲ.

ಒಂದು ಗಂಡು, ನಾಲ್ಕು ಹೆಣ್ಣು. 60 ಲೀಟರಿಗೆ ಅಷ್ಟು ಸಾಕು. ಬಲೆಯಲ್ಲಿ ಎತ್ತಲಿಲ್ಲ, ಲೋಟದಲ್ಲಿ ನೀರಿನ ಸಮೇತ ಎತ್ತಿದರು. ಹೆದರಿದಾಗ ಪಫರ್ ನೀರು ಕುಡಿದು ಉಬ್ಬುತ್ತದೆ. ನೀರಿನಿಂದ ಹೊರಗೆ ಉಬ್ಬಿದರೆ ಹೊಟ್ಟೆಯೊಳಗೆ ಗಾಳಿ ಹೋಗಿ, ಹೊರಗೆ ಬರದೆ ಪ್ರಾಣಕ್ಕೇ ಬರಬಹುದು. ಅದು ಉಬ್ಬುವುದನ್ನು ನೋಡಬೇಕೆಂಬ ಆಸೆ ಮಗನಿಗಿತ್ತು. ಮೇಷ್ಟ್ರು ಅವನನ್ನು ಹತ್ತಿರ ಕರೆದು, "ಅದು ಉಬ್ಬಿತು ಅಂದ್ರೆ ಜೀವಭಯ ಆಗಿದೆ ಅಂತ ಪುಟ್ಟ. ನಿನ್ನ ಮನೇಲಿ ಅದು ಯಾವತ್ತೂ ಉಬ್ಬಬಾರದು," ಅಂದರು. ಈವರೆಗೆ ಉಬ್ಬಿಲ್ಲ.

ಮನೆಗೆ ತಂದು ಚೀಲ ತೇಲಿಸಿ, ಅರ್ಧ ಗಂಟೆಗೊಮ್ಮೆ ಒಂದು ಲೋಟ ತೊಟ್ಟಿಯ ನೀರು ಬೆರೆಸಿ, ದೀಪ ಆರಿಸಿ ಬಿಟ್ಟೆ. ಎರಡು ದಿನ ಯಾರೂ ಕಾಣಲಿಲ್ಲ. ಮೂರನೆಯ ದಿನ ಗಂಡು ಹೊರಬಂತು. ವಾರದಲ್ಲಿ ನಾಲ್ಕು ಮುಖ ಪರಿಚಯವಾದವು, ಐದನೆಯದು ಸದಾ ಹೀಟರ್‌ನ ಹಿಂದೆ. ಊಟ ಹಾಕಿದಾಗ ಉಳಿದವು ಮುಗಿಬೀಳುತ್ತಿದ್ದವು, ಅದು ಬರುವಷ್ಟರಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಂದೇ ಜಾಗದಲ್ಲಿ ಊಟ ಹಾಕುತ್ತಿದ್ದದ್ದು ನನ್ನ ತಪ್ಪು. ಮೂರು ಮೂಲೆಯಲ್ಲಿ ಹಾಕಬೇಕೆಂದು ಹೊಳೆಯುವಷ್ಟರಲ್ಲಿ ಹದಿನೆಂಟು ದಿನ ಕಳೆದಿತ್ತು. ಹತ್ತೊಂಬತ್ತನೆಯ ದಿನ ಬೆಳಗ್ಗೆ ಅದು ಪಾಚಿಯ ಮೇಲೆ ಮಲಗಿತ್ತು. ಅತ್ತೆ ತುಳಸಿಕಟ್ಟೆಯ ಪಕ್ಕದ ಮಣ್ಣಿನಲ್ಲಿ ಗುಂಡಿ ತೋಡಿ ಕೊಟ್ಟರು. ನಾನು ಆರಿಸಿ ತಂದ ಜೀವ ಅದು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ, ಉಳಿದ ನಾಲ್ಕರ ಹೊಟ್ಟೆ ಹೇಗಿದೆ ಎಂದು ಮಾತ್ರ ಕೇಳಿದರು.

ಅಂದಿನಿಂದ ಊಟದ ಹೊತ್ತು ನನಗೆ ಪೂಜೆಯ ಹೊತ್ತಿದ್ದ ಹಾಗೆ. ಸಂಜೆ ಆರೂವರೆಗೆ ಟಬ್ಬಿನಿಂದ ಎಳ್ಳಿನಿಂದ ಹಿಡಿದು ಕಡಲೆಬೇಳೆಯಷ್ಟಿರುವ ಏಳೆಂಟು ಬಸವನಹುಳು ಆರಿಸಿ ಅಲ್ಲೊಂದು ಇಲ್ಲೊಂದು ಬಿಡುತ್ತೇನೆ. ಗಂಡು ಕ್ರಿಪ್ಟೋಕೊರೈನ್ ಎಲೆಯ ನೆರಳಿನಿಂದ ಬರುತ್ತದೆ. ಓಡಿ ಬರುವುದಿಲ್ಲ. ಬೆನ್ನಿನ ಪುಟ್ಟ ರೆಕ್ಕೆ ಮತ್ತು ಕೆನ್ನೆಯ ಪಕ್ಕದ ರೆಕ್ಕೆಗಳು ಮಾತ್ರ ಕಾಣದಷ್ಟು ವೇಗವಾಗಿ ಬಡಿಯುತ್ತಿರುತ್ತವೆ, ಮೈ ಅಲ್ಲಾಡುವುದಿಲ್ಲ. ಹುಳುವಿನಿಂದ ಒಂದು ಅಂಗುಲ ದೂರದಲ್ಲಿ ನಿಂತು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಒಂದು ಕಣ್ಣಿನಿಂದ ನೋಡಿ, ಇನ್ನೊಂದರಿಂದ ನೋಡಿ, ಎರಡೂ ಕಣ್ಣನ್ನು ಮುಂದಕ್ಕೆ ತರುತ್ತದೆ. ಬಾಲ ಪಕ್ಕಕ್ಕೆ ಸುರುಳಿಯಾಗುತ್ತದೆ. ಬಸವನಹುಳು ಏನೂ ಅರಿಯದೆ ತನ್ನ ಮೀಸೆ ಚಾಚಿ, ಮೆತ್ತನೆಯ ಪಾದ ಹೊರಗೆ ಹಾಕಿದ ಗಳಿಗೆಯಲ್ಲೇ, ಟಕ್! ಕಿವಿಗೊಟ್ಟರೆ ಗಾಜಿನ ಈಚೆಗೂ ಕೇಳುತ್ತದೆ. ಚಿಕ್ಕದಾದರೆ ಚಿಪ್ಪು ಸಮೇತ, ದೊಡ್ಡದಾದರೆ ಮಾಂಸ ಎಳೆದುಕೊಂಡು ಖಾಲಿ ಚಿಪ್ಪು ಬಿಡುತ್ತದೆ. ಮುಂದಿನ ಮರಳಿನ ಮೇಲೆ ಈಗ ಬಿಳಿ ಚಿಪ್ಪುಗಳ ಸಣ್ಣ ಹಾಸು.

ತೊಟ್ಟಿಯೊಳಗೆ ತಾನಾಗಿ ಓಡಾಡುವ ಬಸವನಹುಳು ಮೊದಲ ತಿಂಗಳಲ್ಲೇ ಮುಗಿದವು. ಎಲೆಗಳು ಹೊಳೆಯುತ್ತಿವೆ. ಆದರೆ ಈಗ ಗಾಜಿನ ಮುಂದೆ ಕೂತಾಗ ನಾನು ಎಲೆ ನೋಡುವುದು ಕಡಿಮೆ. ರೊಟಾಲಾ ಸ್ವಲ್ಪ ಅಡ್ಡಾದಿಡ್ಡಿ ಬೆಳೆದರೂ ಕತ್ತರಿಸುವುದಿಲ್ಲ, ಆ ಪೊದೆಯೊಳಗೆ ಅತಿ ಚಿಕ್ಕ ಹೆಣ್ಣು ಮಧ್ಯಾಹ್ನ ನಿದ್ದೆ ಮಾಡುತ್ತದೆ.

ಹೋದ ವಾರ ಮೇಷ್ಟ್ರ ಫೋನ್ ಬಂತು. ಅವರ ಬಸವನಹುಳುವಿನ ಟಬ್ ಬಿಸಿಲಿಗೆ ಕೆಟ್ಟುಹೋಗಿದೆಯಂತೆ, ಹೊಸ ಮರಿಗಳಿಗೆ ಊಟ ಸಾಲುತ್ತಿಲ್ಲವಂತೆ. "ನಿನ್ನ ಹತ್ರ ಸ್ವಲ್ಪ ಇದ್ರೆ ಕೊಡ್ತೀಯೇನಮ್ಮ?" ಅಂದರು. ಭಾನುವಾರ ಬೆಳಗ್ಗೆ ಮಗ ಒಂದೊಂದೇ ಎಣಿಸಿ ಹಾರ್ಲಿಕ್ಸ್ ಬಾಟಲಿಗೆ ಇನ್ನೂರು ಹಾಕಿದ. ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಒಂದು ಪಾಲಕ್ ಎಲೆ ಒಳಗಿಟ್ಟು, ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಬಸ್ ಹತ್ತಿದೆವು.